ಜೇಬು ನೋಡಿಕೊಂಡು ಕೊಡಿ

ಬೇರೆಯವರ ಗುಟ್ಟು ಕಾಯುವುದರಲ್ಲಿ ಲಾಂಡ್ರಿ ಅಕ್ಕನನ್ನು ಮೀರಿಸುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅವಳ ಅಂಗಡಿಗೆ ಬಂದ ಯಾವ ಕೋಟೂ ಯಾವ ಪ್ಯಾಂಟೂ ಜೇಬು ತಡಕಿಸಿಕೊಳ್ಳದೆ ನೀರಿಗಿಳಿದದ್ದಿಲ್ಲ. ಜೇಬಿನಲ್ಲಿ ಸಿಕ್ಕಿದ್ದು ಕಂದು ಕಾಗದದ ಕವರಿಗೆ ಹೋಗಬೇಕು, ಕವರಿನ ಬಾಯಿ ಮಡಚಬೇಕು, ಒಗೆದು ಇಸ್ತ್ರಿಯಾದ ಬಟ್ಟೆಯ ಹೆಗಲಿಗೆ ಅದನ್ನು ಪಿನ್ನು ಹಾಕಿ ಸಿಕ್ಕಿಸಬೇಕು. ಇದು ಅಂಗಡಿಯ ಕಾನೂನು. ಹರಿದ ಬಸ್ ಟಿಕೇಟಾದರೂ ಸರಿ, ಯಾರದ್ದೋ ಅದು ಅವರಿಗೇ ವಾಪಸು ಹೋಗಬೇಕು.

ಜೇಬುಗಳಲ್ಲಿ ಅವಳು ಏನೇನು ನೋಡಿರಲಿಲ್ಲ! ಸಿಗರೇಟು ಬಿಟ್ಟೆನೆಂದು ಹೆಂಡತಿಯ ತಲೆಮುಟ್ಟಿ ಆಣೆ ಮಾಡಿದವನ ಬೆಂಕಿಪೊಟ್ಟಣ, ಮನೆಯಲ್ಲಿ ಯಾರಿಗೂ ತೋರಿಸದ ಆಸ್ಪತ್ರೆಯ ರಿಪೋರ್ಟು, ಕೊಡಲು ಧೈರ್ಯ ಸಾಲದೆ ಮಡಚಿ ಮಡಚಿ ಸವೆದುಹೋದ ಪ್ರೇಮಪತ್ರ. ಕಟ್ಟಿಕೊಂಡ ಗಂಡನ ಹತ್ತಿರವೂ ಅವಳು ಇದರಲ್ಲೊಂದು ಮಾತು ಬಾಯಿಬಿಟ್ಟವಳಲ್ಲ. ಬಟ್ಟೆ ಕೊಡುವಾಗ ಗಿರಾಕಿಗೆ ಮಾತ್ರ ಸರಿಯಾಗಿ ಬೈಯುತ್ತಿದ್ದಳು. "ಏನ್ ಸಾರ್, ಮೈಮೇಲೆ ಜ್ಞಾನ ಬೇಡ್ವಾ? ಇಂಥದ್ದನ್ನೆಲ್ಲ ಕಂಡಕಂಡೋರ ಕೈಗೆ ಕೊಡ್ತಾರಾ?" ಕೌಂಟರಿನ ಮೇಲ್ಗಡೆ ಅವಳೇ ಬರೆಸಿ ಹಾಕಿದ ಬೋರ್ಡು ತೂಗುತ್ತಿತ್ತು: ದಯವಿಟ್ಟು ಜೇಬು ನೋಡಿಕೊಂಡು ಕೊಡಿ.

ಇಂಥ ಹೆಂಗಸು ತನ್ನ ಜೇಬನ್ನು ಮಾತ್ರ ದಿನಬೆಳಗಾದರೆ ಊರ ಮುಂದೆ ಕೊಡವುತ್ತಿದ್ದಳು. ಫೋನಿನಲ್ಲಿ ಅವಳದೊಂದು ಪುಟವಿತ್ತು. ಯಾರು ಬೇಕಾದರೂ ಬಂದು ನೋಡಬಹುದಾದ ಪುಟ. ಬಾಗಿಲು ಹಾಕುವುದು ಹೇಗೆಂದು ಅವಳು ಯಾವತ್ತೂ ಕೇಳಿರಲಿಲ್ಲ. ಹುಟ್ಟಿದ ದಿನ, ಇಸವಿ ಸಮೇತ. ಮೊದಲು ಓದಿದ ಶಾಲೆ, ಮೊದಲು ಸಾಕಿದ ಬೆಕ್ಕು. "ನಿಮ್ಮ ತಾಯಿಯ ಹೆಸರನ್ನೂ ಹುಟ್ಟಿದ ಬೀದಿಯನ್ನೂ ಹೇಳಿ, ಹಿಂದಿನ ಜನ್ಮದಲ್ಲಿ ನೀವು ಯಾವ ದೇಶದ ರಾಣಿ ಎಂದು ತಿಳಿಯಿರಿ" ಎಂಬ ಆಟ ಬಂದರೆ ಎಲ್ಲರಿಗಿಂತ ಮೊದಲು ಹೇಳಿ ರಾಣಿಯಾಗುತ್ತಿದ್ದಳು. ಹೊಸ ಗುರುತಿನ ಚೀಟಿ ಬಂದಾಗ ಅದರಲ್ಲಿ ತನ್ನ ಫೋಟೋ ಅಪರೂಪಕ್ಕೆ ಚೆನ್ನಾಗಿ ಬಂದಿದೆಯೆಂದು ಚೀಟಿಯನ್ನೇ ಹಾಕಿಬಿಟ್ಟಳು, ಎರಡೂ ಮಗ್ಗುಲು.

"ರಕ್ತದ ಗುಂಪೊಂದು ಬಾಕಿ ಇದೆ ನೋಡು," ಎಂದ ಗಂಡ, ಒಗೆಯುವ ಮೆಷಿನಿನ ಹಿಂದಿನಿಂದ.

ಅವನದು ಮಾತು ಕಡಿಮೆ. ಆ ಕಡಿಮೆ ಮಾತಿನಲ್ಲಿ ಅರ್ಧ ಚುಚ್ಚುಮಾತು. ಅವಳು ಅದನ್ನು ಸಲಹೆ ಎಂದುಕೊಂಡು ಮಾರನೇ ದಿನವೇ ರಕ್ತದ ಗುಂಪನ್ನೂ ಹಾಕಿದಳು. ಯಾರಿಗಾದರೂ ತುರ್ತಿಗೆ ಬೇಕಾಗಬಹುದಲ್ಲ!

ಆದರೆ ಆ ಪುಟದಲ್ಲಿ ಹೆಚ್ಚು ಜನ ಓದುತ್ತಿದ್ದದ್ದು ಸ್ವೆಟರಿನ ಕತೆ. ಅದು ಪ್ರತಿ ವರ್ಷ, ಅಮ್ಮ ತೀರಿಕೊಂಡ ದಿನ, ಸ್ವಲ್ಪ ಹೊಸ ಕಣ್ಣೀರು ಬೆರೆಸಿಕೊಂಡು ಬರುತ್ತಿತ್ತು.

ಕತೆ ಇಷ್ಟು. ಅಮ್ಮ ಕೊನೆಯ ವರ್ಷಗಳಲ್ಲಿ ತಂಗಿಯ ಮನೆಯಲ್ಲಿದ್ದಳು. ತಂಗಿ ಊರಿನ ಆ ತುದಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು. ಬಾಯಿ ತೆರೆಯಲು ಹೆದರುವವರನ್ನು ಸಮಾಧಾನ ಮಾಡಿ ಒಳಗೆ ಕಳಿಸುವುದು ಅವಳ ಕೆಲಸ. ಅಮ್ಮ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದಳು. ಆಸ್ಪತ್ರೆಯಿಂದ ಅಮ್ಮನ ವಸ್ತುಗಳ ಚೀಲ ಬಂದಾಗ ತಂಗಿ ಕೇಳಿದ್ದು ಒಂದೇ, ಅಮ್ಮ ಸದಾ ಹಾಕಿಕೊಳ್ಳುತ್ತಿದ್ದ ಆ ಜೇಬಿನ ಸ್ವೆಟರು. ಚೀಲ ಹಿಡಿದುಕೊಂಡಿದ್ದ ಅಕ್ಕ, "ನಾಳೆ ತಂದುಕೊಡ್ತೀನಿ" ಎಂದಳು. ತಂದೂ ಕೊಟ್ಟಳು. ತಣ್ಣೀರಲ್ಲಿ ಕೈಯಾರೆ ಒಗೆದು, ನೆರಳಲ್ಲಿ ಹರವಿ ಒಣಗಿಸಿ, ಹಬೆ ಕೊಟ್ಟು, ಪ್ಲಾಸ್ಟಿಕ್ಕಿನ ಕವರು ತೊಡಿಸಿ. ತಂಗಿ ಕವರು ಕಿತ್ತು ಸ್ವೆಟರಿಗೆ ಮುಖ ಒತ್ತಿದಳು. ಆಮೇಲೆ ತಲೆಯೆತ್ತಿ, "ಅಮ್ಮನ ವಾಸನೆ ಎಲ್ಲಿ?" ಎಂದಳು. "ತೊಳೆದುಬಿಟ್ಯಲ್ಲೇ. ಅಮ್ಮನ್ನೇ ತೊಳೆದುಬಿಟ್ಯಲ್ಲೇ."

ಆವತ್ತಿನಿಂದ ಮಾತಿಲ್ಲ, ಕತೆಯಿಲ್ಲ. ಆರೇಳು ವರ್ಷವಾಗಿತ್ತು.

"ಒಳ್ಳೇದು ಮಾಡಕ್ಕೆ ಹೋಗಿ ಕೆಟ್ಟೋಳಾದೆ," ಎಂದು ಅಕ್ಕ ತನ್ನ ಪುಟದಲ್ಲಿ ಬರೆಯುತ್ತಿದ್ದಳು, ಸ್ವೆಟರಿನ ಫೋಟೋ ಹಾಕಿ. ಒಗೆಯುವ ಮೊದಲಿನದು, ಒಗೆದ ಮೇಲಿನದು. ಗುಬ್ಬಿ ಎಂಬ ಹೆಸರನ್ನೂ ಬರೆಯುತ್ತಿದ್ದಳು, ತಂಗಿ ಎಲ್ಲಿ ಕೆಲಸ ಮಾಡುತ್ತಾಳೆಂಬುದನ್ನೂ. ಜನ "ಪಾಪ ಅಕ್ಕ" ಎಂದು ಬರೆದರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು, ಸಂಜೆಯವರೆಗೆ. ಸಂಜೆ ಅಂಗಡಿಯ ಬಾಗಿಲೆಳೆಯುವಾಗ ಮತ್ತೆ ಅದೇ ಸಂಕಟ. ತಂಗಿ ಒಂದೇ ಒಂದು ಸಲ ಬಂದು ಅಕ್ಕಾ ಎಂದರೆ ಸಾಕಿತ್ತು ಅವಳಿಗೆ. ತಾನಾಗಿ ಹೋಗುವುದು? ಅದು ಸಾಧ್ಯವೇ ಇಲ್ಲ. ಒಗೆದುಕೊಟ್ಟವಳು ತಾನು!

ಹೀಗಿರುವಾಗ ಒಂದು ದಿನ ಕರಿಕೋಟಿನ ವಕೀಲರು ಕೋಟು ತೆಗೆದುಕೊಳ್ಳಲು ಬಂದವರು ಕೇಳಿದರು: "ಏನಮ್ಮ, ನಿಮ್ಮದು ಈಗ ಎರಡು ಪುಟ ಇದೆಯಾ? ಅದೇ ಹೆಸರು, ಅದೇ ಫೋಟೋ?"

ಅಕ್ಕ ಹುಡುಕಿ ನೋಡಿದಳು. ನಿಜ! ಯಾರೋ ಅವಳ ಫೋಟೋವನ್ನೇ ಇಟ್ಟುಕೊಂಡು ಅವಳ ಹೆಸರಿನಲ್ಲೇ ಇನ್ನೊಂದು ಪುಟ ತೆರೆದಿದ್ದರು.

"ನೋಡಿದ್ರಾ?" ಎಂದು ಗಂಡನನ್ನು ಕೂಗಿದಳು. "ಸಿನಿಮಾದವರಿಗೆ ಮಾಡ್ತಾರಲ್ಲ, ಹಾಗೆ. ನನಗೂ ಯಾರೋ ಅಭಿಮಾನಿಗಳು ಹುಟ್ಟಿದಾರೆ!"

"ಅಭಿಮಾನಿಗಳಲ್ಲಮ್ಮ, ಕಳ್ಳರು. ದೂರು ಕೊಡಿ," ಎಂದರು ವಕೀಲರು.

"ನಮ್ಮ ಹತ್ರ ಕದಿಯೋಕೆ ಏನಿದೆ ಸಾರ್?" ಎಂದು ನಕ್ಕಳು ಅಕ್ಕ. ಅವರ ಕೋಟಿನ ಜೇಬಿನಲ್ಲಿ ಪೆನ್ನಿನ ಮುಚ್ಚಳ ಬಿಟ್ಟಿದ್ದಕ್ಕೆ ಎರಡು ಮಾತು ಬೈದು ಕಳಿಸಿದಳು.

ಅದಾಗಿ ಸ್ವಲ್ಪ ದಿನಕ್ಕೆ, ಬೆಳಗಿನ ಗಿರಾಕಿಗಳ ಗದ್ದಲ ಮುಗಿದ ಹೊತ್ತಿನಲ್ಲಿ, ಕೌಂಟರಿನ ಮುಂದೆ ಒಬ್ಬಳು ಬಂದು ನಿಂತಳು. ಅಕ್ಕ ಒಂದು ಅಂಗಿಯ ಕಾಲರು ಒತ್ತುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ಎಷ್ಟು ಬಟ್ಟೆ?"

"ಅಕ್ಕಾ."

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ತಲೆಯೆತ್ತಿದಳು. ಗುಬ್ಬಿ! ಕಿವಿಯ ಹತ್ತಿರ ಕೂದಲು ನರೆತಿತ್ತು, ಕಣ್ಣು ಕೆಂಪಗಿತ್ತು. "ನಿನ್ನ ಮೆಸೇಜು ಓದಿದ್ಮೇಲೆ ಇರಕ್ಕಾಗ್ಲಿಲ್ಲ ಕಣೇ," ಎನ್ನುತ್ತ ಅವಳು ಕೌಂಟರಿನ ಪಕ್ಕದ ಅಡ್ಡಹಲಗೆ ಎತ್ತಿ ಒಳಗೇ ಬಂದು ಅಕ್ಕನ ಕೊರಳು ತಬ್ಬಿಕೊಂಡಳು.

ಯಾವ ಮೆಸೇಜು? ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಅಷ್ಟು ವರ್ಷ ಕಾದ ಕೈ ಎರಡೂ ತಾವಾಗಿ ತಂಗಿಯ ಬೆನ್ನ ಮೇಲೆ ಹೋಗಿದ್ದವು. ಇಂಥ ಹೊತ್ತಿನಲ್ಲಿ ಯಾವ ಮೆಸೇಜು ಎಂದು ಕೇಳುವ ಪೆದ್ದಿ ಯಾರಾದರೂ ಇದ್ದಾರೆಯೇ? "ಹೂಂ," ಎಂದಳು ಅಕ್ಕ.

"ಎಷ್ಟು ಚೆನ್ನಾಗಿ ಬರೆದಿದ್ಯೇ," ಎಂದು ತಂಗಿ ಮೂಗೊರೆಸಿಕೊಂಡಳು. ಬಾಯಿಪಾಠವಾಗಿತ್ತು ಅವಳಿಗೆ. "‘ಗುಬ್ಬಿ, ನಾನು ತೊಳೆದದ್ದು ಕೊಳೆಯಲ್ಲ, ನಿನ್ನ ಪಾಲಿಗೆ ಉಳಿದಿದ್ದ ಅಮ್ಮನನ್ನು. ನನ್ನ ಕೈಯ ಕೆಲಸದ ಹೆಮ್ಮೆಯಲ್ಲಿ ನಿನ್ನ ದುಃಖ ನನಗೆ ಕಾಣಲಿಲ್ಲ. ಕ್ಷಮಿಸು ಎನ್ನಲು ಇಷ್ಟು ವರ್ಷ ಬೇಕಾಯಿತು.’ ಇಷ್ಟೇ ಸಾಕಾಗಿತ್ತು ಅಕ್ಕ. ಇದನ್ನ ಕೇಳಕ್ಕೇ ಕಾಯ್ತಾ ಇದ್ದೆ ನಾನು."

ಅಕ್ಕ ಕೇಳುತ್ತ ನಿಂತಳು. ತಾನು ಇಷ್ಟು ಚೆನ್ನಾಗಿ ಬರೆಯಬಲ್ಲೆನೇ ಎಂದು ಅವಳಿಗೇ ಆಶ್ಚರ್ಯ. ಬರೆದವಳು ತಾನಲ್ಲ ಎಂಬುದು ನೆನಪಾಗಿ ಆಮೇಲೆ ಸ್ವಲ್ಪ ಹೊಟ್ಟೆಯುರಿ. ಯಾರ ಕೆಲಸ ಇದು? ಯಾರೋ ಪುಣ್ಯಾತ್ಮರು ಸಂಧಾನ ಮಾಡಿಸಿದ್ದಾರೆ. ಯಾರಾದರೇನಂತೆ, ಗುಬ್ಬಿ ಬಂದಳಲ್ಲ! ಸುಮ್ಮನಿದ್ದುಬಿಡುವುದು ಎಂದು ನಿರ್ಧಾರ ಮಾಡಿ ಅಕ್ಕ ಸ್ಟೂಲು ಎಳೆದು ತಂಗಿಯನ್ನು ಕೂರಿಸಿದಳು.

"ಲಾಕರಿನ ವಿಷಯ ನಂಗೆ ಗೊತ್ತೇ ಇರ್ಲಿಲ್ಲ," ಎಂದಳು ತಂಗಿ.

"ಯಾವ ಲಾಕರು?"

"ಅದೇ, ನೀನೇ ಬರೆದಿದ್ಯಲ್ಲ. ಅಮ್ಮನ ಹಳೇ ಲಾಕರು, ಅದರಲ್ಲಿ ಅಮ್ಮನ ಬಟ್ಟೆ ಏನೋ ಇದೆ, ಇಬ್ಬರ ಹೆಸರಿಗೂ ಮಾಡಿಸ್ತೀನಿ ಅಂತ. ನನ್ನ ಗುರುತಿನ ಚೀಟಿ ಫೋಟೋ ಕೇಳಿದ್ಯಲ್ಲ, ನಿನ್ನೆನೇ ಕಳಿಸಿದ್ನಲ್ಲ. ಬ್ಯಾಂಕಿಂದ ನನ್ನ ಫೋನಿಗೆ ಒಂದು ನಂಬರು ಬರತ್ತೆ, ಬಂದ ತಕ್ಷಣ ಕಳಿಸು ಅಂದಿದ್ಯಲ್ಲ. ಇನ್ನೂ ಬಂದಿಲ್ಲ ನೋಡು."

ಪುಣ್ಯಾತ್ಮರಲ್ಲ. ಸಂಧಾನವೂ ಅಲ್ಲ. ವಕೀಲರ ಮಾತು ಈಗ ಅಕ್ಕನ ತಲೆಗೆ ಹೋಯಿತು. ಯಾವನೋ ಕಳ್ಳ ತನ್ನ ಮುಖ ಹಾಕಿಕೊಂಡು, ತನ್ನ ಸ್ವೆಟರಿನ ಕತೆ ಓದಿಕೊಂಡು, ತನ್ನ ತಂಗಿಯ ಮನೆ ಬಾಗಿಲು ತಟ್ಟಿದ್ದಾನೆ. ಆ ನಂಬರು ಅವನ ಕೈಗೆ ಹೋದರೆ ಗುಬ್ಬಿಯ ಬ್ಯಾಂಕಿನ ಖಾತೆ ಅವನದಾಗುತ್ತದೆ. ಹೇಳಿಬಿಡಬೇಕು. ಹೇಳಿದರೆ ಆ ಕ್ಷಮೆಯೂ ಹೋಯಿತು, ಗುಬ್ಬಿಯೂ ಹೋದಳು. ಅಕ್ಕ ಒತ್ತಿದ ಅಂಗಿಯನ್ನು ಮಡಚಿಟ್ಟು, ಎರಡೂ ಉಳಿಯುವ ಹಾದಿಯೊಂದನ್ನು ಅಷ್ಟರಲ್ಲೇ ಹೊಸೆದಳು.

"ಅದು ಬೇಡ ಬಿಡು," ಎಂದಳು, ಆದಷ್ಟು ಹಗುರವಾಗಿ. "ಲಾಕರು ಗೀಕರು ಎಲ್ಲ ಆಮೇಲೆ. ಮನಸ್ಸು ಬದಲಾಯಿಸಿದೆ. ನಂಬರು ಬಂದ್ರೂ ಕಳಿಸ್ಬೇಡ."

ಟಣ್ ಎಂದಿತು ತಂಗಿಯ ಫೋನು. "ಬಂತು ನಂಬರು!" ಎಂದಳು ತಂಗಿ. ಹಿಂದೆಯೇ ಮತ್ತೊಂದು ಟಣ್. ತಂಗಿ ಓದಿದಳು: "‘ನಂಬರು ಬಂತಾ ಗುಬ್ಬಿ? ಬೇಗ ಕಳಿಸು, ಬ್ಯಾಂಕಲ್ಲೇ ನಿಂತಿದೀನಿ.’"

ತಂಗಿ ಅಕ್ಕನ ಖಾಲಿ ಕೈ ನೋಡಿದಳು. ಶೆಲ್ಫಿನ ಮೇಲೆ ಚಾರ್ಜಿಗಿಟ್ಟಿದ್ದ ಅಕ್ಕನ ಫೋನು ನೋಡಿದಳು. "ಅಕ್ಕ, ನೀನು ಇಲ್ಲಿದೀಯ. ಬ್ಯಾಂಕಲ್ಲಿ ನಿಂತಿರೋದು ಯಾರು?"

"ನಿಮ್ಮ ಭಾವ," ಎಂದುಬಿಟ್ಟಳು ಅಕ್ಕ. "ನನ್ನ ಪರವಾಗಿ ಅವರೇ..."

ಆ ಘಳಿಗೆಯಲ್ಲೇ ಭಾವ ಮೆಷಿನಿನ ಹಿಂದಿನಿಂದ ಮೊಣಕೈವರೆಗೆ ಸೋಪಿನ ನೊರೆ ಮಾಡಿಕೊಂಡು ಬರಬೇಕೇ! "ಓ, ಗುಬ್ಬಿ ಬಂದಿದಾಳೆ! ಯಾವಾಗ ಬಂದ್ಯಮ್ಮ? ಏನು, ನನ್ನ ಹೆಸರು ಕೇಳಿಸ್ತು?"

ಇನ್ನು ಹೇಳದೆ ಬೇರೆ ದಾರಿಯಿರಲಿಲ್ಲ. ಅಕ್ಕ ನೆಲ ನೋಡಿಕೊಂಡು ಹೇಳಿದಳು. ತನ್ನ ಹೆಸರಿನ ಎರಡನೇ ಪುಟ, ವಕೀಲರ ಮಾತು, ತಾನು ನಕ್ಕಿದ್ದು. "ಆ ಮೆಸೇಜು ನನ್ನದಲ್ಲ ಗುಬ್ಬಿ. ನಂಬರು ಕಳಿಸ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ."

ಗಂಡ ಕೈ ಒರೆಸಿಕೊಂಡು, "ಮೊದಲು ಬ್ಯಾಂಕಿಗೆ ಫೋನು ಮಾಡು, ಮಿಕ್ಕಿದ್ದೆಲ್ಲ ಆಮೇಲೆ," ಎಂದ. ತಂಗಿ ಮಾಡಿದಳು. ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಖಾತೆಗೆ ಬೀಗ ಹಾಕಿಸಿದಳು. ದನಿ ಗಟ್ಟಿಯಾಗಿಯೇ ಇತ್ತು. ಫೋನು ಕೆಳಗಿಟ್ಟ ಮೇಲೆ ಮುಖ ಬಾಡಿತು.

"ಹಾಗಾದ್ರೆ ನೀನು ಕ್ಷಮೆ ಕೇಳಿಲ್ಲ," ಎಂದಳು.

ಅಕ್ಕ ಮಡಚಿಟ್ಟಿದ್ದ ಅಂಗಿಯನ್ನು ಇನ್ನೊಮ್ಮೆ ಮಡಚಿದಳು.

"ನಾನೆಂಥ ಪೆದ್ದಿ. ನಮ್ಮಕ್ಕ ಇಷ್ಟು ಚೆನ್ನಾಗಿ ಬರೆಯಲ್ಲ ಅಂತ ಆವತ್ತೇ ಹೊಳೀಬೇಕಾಗಿತ್ತು." ತಂಗಿ ಫೋನಿನತ್ತ ನೋಡಿದಳು. "ಅವನಿಗೆ ಗುಬ್ಬಿ ಅನ್ನೋ ಹೆಸರು ಹೇಗೆ ಗೊತ್ತು? ಸ್ವೆಟರು ಹೇಗೆ ಗೊತ್ತು?"

"ಪುಟದಲ್ಲಿ ಹಾಕಿದ್ದೆ."

"ಊರಿಗೆಲ್ಲ ಹೇಳಿದೀಯ. ನನಗೊಬ್ಬಳಿಗೆ ಬಿಟ್ಟು." ತಂಗಿಗೆ ಸಿಟ್ಟು ನೆತ್ತಿಗೇರಿತು. ಫೋನು ಕೈಗೆತ್ತಿಕೊಂಡು ಟೈಪು ಮಾಡತೊಡಗಿದಳು. "ಇರು, ನೋಡೇಬಿಡೋಣ. ಇಬ್ಬರು ಅಕ್ಕಂದಿರಲ್ಲಿ ಯಾರಿಗೆ ನನ್ನ ಬಗ್ಗೆ ಹೆಚ್ಚು ಗೊತ್ತು ಅಂತ. ಅವನಿಗೂ ಕೇಳ್ತೀನಿ, ನಿನಗೂ ಕೇಳ್ತೀನಿ. ಚಿಕ್ಕೋಳಿದ್ದಾಗ ಎಲ್ಲಿ ಬಿದ್ದು ಹಣೆ ಒಡ್ಕೊಂಡೆ?"

"ಸ್ಕೂಲಲ್ಲಿ..." ಎಂದು ಅಕ್ಕ ನೆನಪು ಮಾಡಿಕೊಳ್ಳುವಷ್ಟರಲ್ಲಿ ಟಣ್ ಎಂದಿತು. ತಂಗಿ ಓದಿದಳು: "‘ಸ್ಕೂಲಿನ ನಲ್ಲಿ ಕಟ್ಟೆ ಮೇಲೆ. ನಾನೇ ಎತ್ತಿಕೊಂಡು ಮನೆಗೆ ಓಡಿದ್ದೆ. ಯಾಕೆ ಗುಬ್ಬಿ, ಅಕ್ಕನ ಮೇಲೆ ನಂಬಿಕೆ ಇಲ್ಲವಾ?’"

"ಅದನ್ನೂ ಹಾಕಿದ್ದೆ," ಎಂದಳು ಅಕ್ಕ, ಸಣ್ಣ ದನಿಯಲ್ಲಿ.

"ಅಮ್ಮನ ಸ್ವೆಟರಿನ ಎರಡನೇ ಗುಂಡಿ. ಯಾವ ಬಣ್ಣದ ದಾರದಲ್ಲಿ ಹೊಲಿದಿತ್ತು?"

ಇದು ತನ್ನ ಕಸುಬು. ಅಕ್ಕನ ತಲೆ ನೆಟ್ಟಗಾಯಿತು. "ಬಿಳಿ. ಎಲ್ಲ ಗುಂಡಿನೂ ಬಿಳಿ ದಾರ."

ಟಣ್. "‘ಹಸಿರು ದಾರ. ಅಮ್ಮನಿಗೆ ಆವತ್ತು ಬಿಳಿ ದಾರ ಸಿಗಲಿಲ್ಲ ಅಲ್ಲವಾ.’" ತಂಗಿ ತಲೆಯೆತ್ತಿದಳು. "ಹಸಿರೇ. ನಾನೇ ಸೂಜಿ ಪೋಣಿಸಿಕೊಟ್ಟಿದ್ದೆ."

"ನೀನು ಹಾಕಿದ ಫೋಟೋನ ನಿನಗಿಂತ ಚೆನ್ನಾಗಿ ನೋಡಿದಾನೆ," ಎಂದ ಗಂಡ. ಹೆಂಡತಿ ಅವನತ್ತ ನೋಡಿದ ನೋಟಕ್ಕೆ ಮೆಷಿನಿನ ಹಿಂದಕ್ಕೆ ಹೋಗುವುದೇ ವಾಸಿಯೆನಿಸಿ ಹೋದ.

ತಂಗಿ ಎದ್ದು ನಿಂತು ಚೀಲ ಹೆಗಲಿಗೇರಿಸಿದಳು. ಈಗ ಅವಳ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. "ನೀನು ಎಲ್ಲೂ ಹಾಕದೆ ಇಟ್ಕೊಂಡಿರೋದು ಏನಾದ್ರೂ ಇದ್ಯಾ ಅಕ್ಕ? ಒಂದಾದ್ರೂ? ಅವನಿಗೆ ಗೊತ್ತಿಲ್ದೆ, ಊರವರಿಗೆ ಗೊತ್ತಿಲ್ದೆ, ನಿನಗೆ ಮಾತ್ರ ಗೊತ್ತಿರೋದು? ಇದ್ರೆ ಹೇಳು. ಇಲ್ದಿದ್ರೆ ಆ ಅಕ್ಕನಿಗೂ ನಿನಗೂ ಏನು ವ್ಯತ್ಯಾಸ?"

ಇತ್ತು. ಒಂದೇ ಒಂದು ಇತ್ತು. ಸುಮ್ಮನಿದ್ದರೆ ಗುಬ್ಬಿ ಈ ಬಾಗಿಲು ದಾಟುತ್ತಾಳೆ, ಮತ್ತೆ ಬರುವುದಿಲ್ಲ. ಹೇಳಿದರೂ ದಾಟಬಹುದು. ಅವಳು ಕೌಂಟರಿನ ಕೆಳಗಿನ ಡ್ರಾಯರು ಎಳೆದಳು. ಮುರಿದ ಗುಂಡಿ, ದಾರದುಂಡೆ, ನಂಬರಿನ ಬಿಲ್ಲೆಗಳು. ಅವುಗಳ ಅಡಿಯಿಂದ ಒಂದು ಕಂದು ಕವರು ತೆಗೆದು ತಂಗಿಯ ಮುಂದಿಟ್ಟಳು. ಮಡಚಿ ಮಡಚಿ ಕವರಿನ ಅಂಚು ಮೆತ್ತಗಾಗಿತ್ತು. ಅದಕ್ಕೆ ಹಾಕಿದ್ದ ಪಿನ್ನು ತುಕ್ಕು ಹಿಡಿದಿತ್ತು.

"ಸ್ವೆಟರಿನ ಜೇಬಲ್ಲಿತ್ತು," ಎಂದಳು.

ತಂಗಿ ಕವರು ಬಿಚ್ಚಿದಳು. ಒಳಗೆ ಅಮ್ಮನ ಕರವಸ್ತ್ರ. ಅಂಚಿನಲ್ಲಿ ನೀಲಿ ಗೆರೆ, ನಡುವೆ ಮಂಡಿನೋವಿನ ಮುಲಾಮಿನ ಹಳದಿ ಕಲೆ. ಒಗೆದದ್ದಲ್ಲ.

"ಜೇಬು ತಡಕಿದಾಗ ಸಿಕ್ತು. ಮೂಸಿದೆ. ಅಮ್ಮ ಅಲ್ಲೇ ಇದ್ಲು, ಗುಬ್ಬಿ." ಅಕ್ಕ ಡ್ರಾಯರನ್ನು ತಳ್ಳಿ ಮುಚ್ಚಿದಳು. "ನಿನಗೆ ಸ್ವೆಟರು ಯಾಕೆ ಬೇಕು ಅಂತ ಆಗಲೇ ಗೊತ್ತಾಯ್ತು. ಗೊತ್ತಾಗಿಯೇ ನೀರಿಗೆ ಹಾಕಿದೆ. ಕೊನೇ ವರ್ಷಗಳೆಲ್ಲ ಅಮ್ಮ ನಿನ್ನ ಹತ್ರ ಇದ್ಲು. ನನಗೇನಿತ್ತು? ನನಗೊಂದು ಇರಲಿ, ನಿನಗಿಲ್ದೆ ಇರಲಿ ಅಂತ ಅನ್ನಿಸ್ಬಿಡ್ತು. ಜೇಬಲ್ಲಿ ಸಿಕ್ಕಿದ್ದನ್ನ ವಾಪಸು ಕೊಡದೆ ಇಟ್ಕೊಂಡಿದ್ದು ಇದೊಂದೇ."

ತಂಗಿ ಕರವಸ್ತ್ರವನ್ನು ಮುಖಕ್ಕೆ ಒತ್ತಿ ಉದ್ದಕ್ಕೆ ಉಸಿರೆಳೆದಳು.

"ಸೋಪಿನ ವಾಸನೆ," ಎಂದಳು ತಂಗಿ.

"ಮೊದಮೊದಲು ಅಮ್ಮನ ವಾಸನೆ ಇತ್ತು. ಒಂದೆರಡು ವರ್ಷ ಇತ್ತು. ಅಂಗಡಿ ಬಾಗಿಲು ಹಾಕೋ ಮುಂಚೆ ದಿನಾ ತೆಗೆದು ನೋಡ್ತಿದ್ದೆ. ಮುಗಿದುಹೋಯ್ತು."

ತಂಗಿ ಅವಳನ್ನೇ ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅಕ್ಕನಿಗೆ ತಿಳಿಯಲಿಲ್ಲ. ಎರಡೂ ಇತ್ತು.

"ಈಗ ನಂಬಿದೆ," ಎಂದಳು ತಂಗಿ. "ನೀನೇ ನಮ್ಮಕ್ಕ. ಅವನು ಎಷ್ಟೇ ಕಳ್ಳ ಆದ್ರೂ ಇಷ್ಟು ಕದೀತಿರ್ಲಿಲ್ಲ."

ಟಣ್. ಇಬ್ಬರೂ ಫೋನು ನೋಡಿದರು. "‘ಗುಬ್ಬಿ, ಕೋಪ ಬಂತಾ? ಅಕ್ಕನದು ತಪ್ಪಾಗಿದ್ದರೆ ಕ್ಷಮಿಸು ಚಿನ್ನ. ನಂಬರು?’"

"ನೋಡು," ಎಂದಳು ತಂಗಿ, ಫೋನನ್ನು ಅಕ್ಕನ ಮುಂದೆ ಹಿಡಿದು. "ಅವನು ಎರಡನೇ ಸಲ ಕ್ಷಮೆ ಕೇಳಿದ. ನೀನಿನ್ನೂ ಒಂದ್ಸಲನೂ ಕೇಳಿಲ್ಲ."

ಅಕ್ಕ ಬಾಯಿ ತೆರೆದಳು. ಕಳ್ಳನ ಹಾಗೆ ಚಂದದ ವಾಕ್ಯವೊಂದು ಬರಲೆಂದು ಕಾದಳು, ಬರಲಿಲ್ಲ. ಸ್ವೆಟರು ಕೊಳೆಯಾಗಿತ್ತು ಎನ್ನುವ ಹಳೆಯ ಮಾತು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

"ತಪ್ಪಾಯ್ತು ಕಣೇ," ಎಂದಳು.

ತಂಗಿ ಕರವಸ್ತ್ರವನ್ನು ಮಡಚಿ, ಕವರಿಗೆ ಹಾಕಿ, ತನ್ನ ಚೀಲದಲ್ಲಿಟ್ಟುಕೊಂಡಳು. ಆಮೇಲೆ ಎದ್ದು ಸೆರಗಿನಿಂದ ಕಣ್ಣೊರೆಸಿಕೊಂಡು, "ನಡಿ, ಪೊಲೀಸರ ಹತ್ರ ಹೋಗೋಣ," ಎಂದಳು. "ನನ್ನ ಚೀಟಿ ಅವನ ಹತ್ರ ಇದೆ, ನಿನ್ನದಂತೂ ಊರಿಗೆಲ್ಲ ಇದೆ. ನಾವು ನಾವೇ ಅಂತ ಒಂದು ಮಾತು ಹೇಳಿ ಬರೋಣ. ಮತ್ತೆ ಇವತ್ತು ನಡೆದದ್ದನ್ನ ಆ ಪುಟದಲ್ಲೇನಾದ್ರೂ ಹಾಕಿದ್ಯೋ..."

"ಇಲ್ಲ, ಇಲ್ಲ!" ಎಂದಳು ಅಕ್ಕ. ಕೈ ಆಗಲೇ ಶೆಲ್ಫಿನ ಮೇಲಿನ ಫೋನಿನತ್ತ ಹೋಗಿತ್ತು.

ಗಂಡ ಬಂದು ಅವಳಿಗಿಂತ ಮೊದಲು ಅದನ್ನು ತೆಗೆದುಕೊಂಡ. ಒಂದು ಹೊಸ ಕಂದು ಕವರಿಗೆ ಹಾಕಿದ, ಬಾಯಿ ಮಡಚಿದ, ಅವಳ ಹೆಗಲ ಮೇಲಿನ ಬಟ್ಟೆಗೆ ಪಿನ್ನು ಹಾಕಿ ಸಿಕ್ಕಿಸಿದ. ಅದನ್ನು ಕೀಳದೆಯೇ ಅವಳು ತಂಗಿಯ ಹಿಂದೆ ಬೀದಿಗಿಳಿದಳು.